ಚೀಟಿ ಎತ್ತುವವನಿಗೆ ಚೀಟಿಯಿಲ್ಲ

ವರ್ಷಾಂತ್ಯದ ಔತಣದಲ್ಲಿ ಅದೃಷ್ಟದ ಚೀಟಿ ಎತ್ತುವವನ ಹೆಸರು ಆ ಚೀಟಿಗಳಲ್ಲಿ ಇರಕೂಡದು. ಗಾಂಗ್‌ಶಾನ್ ಊರಿನ ಆ ತಿರುಪುಮೊಳೆ ಕಾರ್ಖಾನೆಯಲ್ಲಿ ಇದು ಎಲ್ಲೂ ಬರೆದಿಡದ ನಿಯಮ. ಕಂಪ್ಯೂಟರ್ ವಿಭಾಗದ ಯೆನ್ ಷಿಕಾಯ್ ಎಷ್ಟೋ ವರ್ಷಗಳಿಂದ ಎತ್ತುತ್ತಲೇ ಬಂದಿದ್ದ. ಟಿವಿ, ಫ್ರಿಜ್ಜು, ಸ್ಕೂಟರು ಎಲ್ಲ ಅವನ ಬೆರಳ ತುದಿಯಿಂದ ಕಂಡವರ ಮನೆ ಸೇರಿದವು. ಅವನಿಗೆ ಸಿಕ್ಕಿದ್ದು ಬರೀ ಚಪ್ಪಾಳೆ. "ಕೈಗುಣ ಚೆನ್ನಾಗಿದೆ ಕಣಯ್ಯಾ ನಿಂದು!" ಎಂದು ಬೆನ್ನು ತಟ್ಟಿ, ಹಲ್ಲುಸಂದಿಯ ಮೀನಿನ ಮುಳ್ಳು ಕೀಳುತ್ತಾ ಹೋಗುವ ಜನ! ಈ ಸಲದ ದೊಡ್ಡ ಬಹುಮಾನ ಕಾರು. ಬಿಳಿ ಕಾರು, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಅಂಗಳದಲ್ಲಿ ನಿಂತಿತ್ತು. ದಿನಾ ತನ್ನ ಹಳೇ ಸ್ಕೂಟರನ್ನು ಅದರ ಪಕ್ಕದಲ್ಲೇ ನಿಲ್ಲಿಸುವಾಗ ಷಿಕಾಯ್‌ಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಕುರಿಗಳು. ಇಡೀ ಕಾರ್ಖಾನೆಯ ಬಗ್ಗೆ ಅವನ ಅಭಿಪ್ರಾಯ ಇಷ್ಟೇ. ಗೋಡೆಯಗಲದ ಪರದೆಯ ಮೇಲೆ ಡೋಲಿನ ಸದ್ದಿನೊಂದಿಗೆ ಹೆಸರೊಂದು ಮೂಡಿದರೆ ಊರು ಕಾಯುವ ಭೂದೇವರೇ ಬಂದು ಬರೆದನೆಂದು ಬಾಯಿ ಬಿಡುತ್ತಿದ್ದರು. ಆ ಪರದೆಯ ಹಿಂದಿದ್ದದ್ದು ಪುಟ್ಟದೊಂದು ಶೆಲ್ ಸ್ಕ್ರಿಪ್ಟು, ಅಂದರೆ ಒಂದರ ಕೆಳಗೊಂದು ಬರೆದಿಟ್ಟ ಆಜ್ಞೆಗಳ ಫೈಲು. ಒಂದು ಆಜ್ಞೆ ಹೆಸರುಗಳನ್ನು ಕಲಸಿ ಉಗುಳುತ್ತದೆ, ಅದು ಉಗುಳಿದ್ದನ್ನು ಇನ್ನೊಂದು ನುಂಗಿ, ಮೇಲಿನ ಒಂದೇ ಹೆಸರನ್ನು ಪರದೆಗೆ ಕೊಡುತ್ತದೆ. ಕಲಸುವುದನ್ನು ಬಿಟ್ಟು ತನಗೆ ಬೇಕಾದ ಹೆಸರನ್ನೇ ಉಗುಳಿಸಿದರೆ ಕೇಳುವವರು ಯಾರು?

ಕೇಳುವವಳು ಒಬ್ಬಳಿದ್ದಳು. ಅದೇ ವಿಭಾಗದ ಝುವೋ ಮೇಹುಯಿ. ಔತಣಕ್ಕೆ ಮುಂಚೆ ಒಮ್ಮೆ, ಚೀಟಿ ಎತ್ತಿದ ಮೇಲೆ ಒಮ್ಮೆ ಆ ಫೈಲನ್ನು ತೆರೆದು ಸಾಲುಸಾಲಾಗಿ ಓದುತ್ತಿದ್ದಳು. "ಅನುಮಾನ ಅಲ್ಲಪ್ಪಾ, ಪದ್ಧತಿ. ಬೇಜಾರ್ ಮಾಡ್ಕೋಬೇಡ" ಎನ್ನುತ್ತಿದ್ದಳು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಅಂದುಕೊಳ್ಳುತ್ತಿದ್ದ ಷಿಕಾಯ್.

ಅವಳ ಮೊದಲ ಓದಿಗೆ ಶುದ್ಧ ಫೈಲು ಇರಲಿ. ಆಮೇಲೆ ಅದೇ ಹೆಸರಿನಲ್ಲಿ ತನ್ನ ಫೈಲು ಕೂರಲಿ. ಎರಡನೇ ಓದಿಗೆ ಮತ್ತೆ ಶುದ್ಧದ್ದೇ ಬೇಕು. ಆದರೆ ಚೀಟಿ ಎತ್ತಿದ ಕೂಡಲೇ ಕಾರ್ಖಾನೆಯ ಅಧ್ಯಕ್ಷೆ ಹೋ ಅವನನ್ನು ಮದ್ಯದ ಲೋಟದ ಸಮೇತ ಎಳೆದೊಯ್ಯುತ್ತಾಳೆ, ಕೀಲಿಮಣೆ ಮುಟ್ಟಲು ಪುರಸತ್ತು ಸಿಗುವುದಿಲ್ಲ. ಹಾಗಾಗಿ ತೊಳೆಯುವ ಕೆಲಸವನ್ನೂ ಸ್ಕ್ರಿಪ್ಟಿಗೇ ವಹಿಸಿದ. ಡೋಲು ಬಾರಿಸು, ಹೆಸರು ಹೇಳು, ಬಚ್ಚಿಟ್ಟ ಶುದ್ಧ ಪ್ರತಿಯನ್ನು ತಂದು ನಿನ್ನ ಮೇಲೇ ಸುರಿದುಕೋ. ಎಲ್ಲಾದರೂ ತಪ್ಪಿ ಕಂಪ್ಯೂಟರಿನ ದೂರಿನ ಸಾಲೊಂದು ಪರದೆಗೆ ಜಿಗಿದೀತೆಂದು ದೂರುಗಳನ್ನೆಲ್ಲ ಯಾರಿಗೂ ಕಾಣದಂತೆ ಮೊದಲೇ ಶೂನ್ಯಕ್ಕೆ ತಿರುಗಿಸಿದ. ಹೆಸರು ಹೇಳುವ ಭಾಗವನ್ನು ಒಂದು ದಿನ, ಸುರಿದುಕೊಳ್ಳುವ ಭಾಗವನ್ನು ಇನ್ನೊಂದು ದಿನ ಕೈಯಿಂದಲೇ ಟೈಪಿಸಿ ಪರೀಕ್ಷಿಸಿದ. ಎರಡೂ ಹೂವೆತ್ತಿದಂತೆ ನಡೆದವು. ಒಟ್ಟಿಗೆ ನಡೆಸಿ ನೋಡುವುದು ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದವರ ಕೆಲಸ.

ಬರಬೇಕಾದ ಹೆಸರು ಗೋದಾಮಿನ ತು ಮಾವ್‌ಶೆಂಗನದು. ಷಿಕಾಯ್‌ನ ಹೆಂಡತಿಗೆ ಅವನು ಚಿಕ್ಕಮ್ಮನ ಮಗ ಎಂಬುದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಲ್ಲಾ ಭಾವ, ಸಿಕ್ಕಿಬಿದ್ರೆ?"

"ಹಿಡಿಯೋಕೆ ತಲೆ ಇರೋನು ಒಬ್ಬನಾದ್ರೂ ಇರ್ಬೇಕಲ್ಲೋ ಅಲ್ಲಿ!"

"ಕಾರು ನಿಮಗೆ. ನನಗೆ?"

"ನನ್ನ ಸ್ಕೂಟರ್ ಇಟ್ಕೋ. ಬ್ರೇಕ್ ಒಂದು ಸರಿ ಮಾಡಿಸ್ಕೊಂಡ್ಬಿಡು."

ಮಾವ್‌ಶೆಂಗ್ ನಿಜಕ್ಕೂ ಖುಷಿಪಟ್ಟ. ಇಂಥವರ ನಡುವೆ ಬದುಕಬೇಕಲ್ಲಾ ಎಂದು ಷಿಕಾಯ್‌ಗೆ ತನ್ನ ಬಗ್ಗೆಯೇ ಮರುಕ ಉಕ್ಕಿಬಂತು.

ಔತಣದ ದಿನ ಮೇಹುಯಿ ಫೈಲು ಓದಿ ತಲೆಯಾಡಿಸಿ ಊಟಕ್ಕೆ ಹೋದಳು. ಷಿಕಾಯ್ ಫೈಲು ಬದಲಿಸಿದ. ಸೂಪು ಮುಗಿದು ಏಡಿಯ ಅನ್ನ ಬರುವ ಹೊತ್ತಿಗೆ ಅಧ್ಯಕ್ಷೆ ಹೋ ವೇದಿಕೆ ಹತ್ತಿದಳು.

"ಬಾರಿಸಪ್ಪಾ ಷಿಕಾಯ್, ಯಾರ ಅದೃಷ್ಟ ಖುಲಾಯಿಸುತ್ತೋ ನೋಡೋಣ!"

ಡೋಲು ಮೊಳಗಿತು. ತು ಮಾವ್‌ಶೆಂಗ್! ಮಾವ್‌ಶೆಂಗ್ ಗೊಳೋ ಎಂದು ಅತ್ತ, ವೇದಿಕೆಗೆ ಓಡುವಾಗ ಎರಡು ಕುರ್ಚಿ ಬೀಳಿಸಿದ. ಅತಿಯಾಯಿತು, ಆದರೆ ಕುರಿಗಳಿಗೆ ಇಷ್ಟು ಬೇಕು. ಷಿಕಾಯ್ ಕೀಲಿಮಣೆಯಿಂದ ಕೈ ತೆಗೆದು ಲೋಟ ಎತ್ತಿಕೊಂಡ.

ಆಗ ಡೋಲು ಮತ್ತೆ ಮೊಳಗಿತು. ಮಾವ್‌ಶೆಂಗನ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಪ್ಯಾಕಿಂಗಿನ ಕಾಂಗ್ ಯೂಲಾನಳ ಹೆಸರು ಮೂಡಿತು.

"ಇದೇನ್ರೀ, ಒಂದು ಕಾರಿಗೆ ಇಬ್ಬರು ಗಂಡಂದಿರಾ?" ಎಂದು ಹಿಂದಿನ ಮೇಜಿನಿಂದ ಯಾರೋ ಕೂಗಿದರು. ನಗು ಎದ್ದಿತು. ಮೇಹುಯಿ ನಗಲಿಲ್ಲ. ಬಂದು ಷಿಕಾಯ್‌ನ ಪಕ್ಕ ಬಗ್ಗಿ ಫೈಲು ತೆರೆದಳು. ಶುದ್ಧವಾಗಿತ್ತು, ಅವಳು ಓದಿಹೋದ ಹಾಗೇ.

"ಇದರಲ್ಲಿ ಚೀಟಿ ಎತ್ತೋ ಸಾಲು ಒಂದೇ ಇದೆ" ಎಂದಳು ಮೆಲ್ಲಗೆ. "ಒಂದೇ ಸಾಲು, ಒಂದೇ ಹೆಸರು. ಹಾಗಾದ್ರೆ ಇನ್ನೊಂದು ಎಲ್ಲಿಂದ ಬಂತು ಷಿಕಾಯ್?"

ವೇದಿಕೆಯ ಮೇಲೆ ಮಾವ್‌ಶೆಂಗ್ ಕಾರಿನ ಕೀಲಿಯನ್ನು ಎದೆಗವಚಿಕೊಂಡು "ಭಾವಾ!" ಎಂದು ಕಿರುಚಿದ. ಷಿಕಾಯ್‌ಗೆ ಅದು ಕೇಳಿಸಲೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಕಲಿತಿದ್ದೊಂದು ಈಗ, ಲೋಟ ತುಟಿಯ ಹತ್ತಿರವಿರುವಾಗ, ನೆನಪಿಗೆ ಬಂದಿತ್ತು. ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರಾಣಿ ಸ್ಕ್ರಿಪ್ಟನ್ನು ಒಂದೇ ಗುಕ್ಕಿಗೆ ನುಂಗುವುದಿಲ್ಲ. ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ಒಂದು ಸಾಲು ಓದಿ, ಅದನ್ನು ನಡೆಸಿ, ಮುಂದಿನ ಸಾಲಿಗೆ ಮತ್ತೆ ಅದೇ ಫೈಲಿಗೆ ಬರುತ್ತದೆ. ನಡುವೆ ಬೆರಳ ಕೆಳಗಿನ ಬರಹ ಬದಲಾದರೂ ಅದು ಬೆರಳು ಎತ್ತುವುದಿಲ್ಲ, ಇದ್ದ ಜಾಗದಿಂದಲೇ ಮುಂದಕ್ಕೆ ಓದುತ್ತದೆ. ಅವನ ಪುಟ್ಟ ಮೋಸದ ಫೈಲು ಮುಗಿದ ಜಾಗದಿಂದ ಮುಂದೆ, ಉದ್ದನೆಯ ಶುದ್ಧ ಪ್ರತಿಯಲ್ಲಿ, ಡೋಲು ಬಾರಿಸಿ ಪ್ರಾಮಾಣಿಕವಾಗಿ ಚೀಟಿ ಎತ್ತುವ ಸಾಲು ಇನ್ನೂ ಬಾಕಿಯಿತ್ತು.