ಯಾವ ಚಿನ್ನಿಗೆ?

"ಹಾಗಾದ್ರೆ ಅವಳನ್ನೇ ಕೇಳೋಣ," ಎಂದ ಅಪ್ಪ. "ಚಿನ್ನಿ, ಬಾ ಇಲ್ಲಿ."

ಹೋಂವರ್ಕ್ ಮಾಡುವವಳಂತೆ ಕೂತು ಎರಡೂ ಕಿವಿಗಳನ್ನು ನಡುಮನೆಯ ಮಾತಿನಲ್ಲೇ ಇಟ್ಟಿದ್ದ ಚಿನ್ನಿ ಪುಸ್ತಕ ಮುಚ್ಚಿದಳು. ಎದ್ದು ಹೋದಳು. ಮೇಜಿನ ಈಚೆ ಅಪ್ಪ, ಆಚೆ ಅಪ್ಪನ ತಂಗಿ, ಅಂದರೆ ಅತ್ತೆ. ನಡುವೆ ಅಜ್ಜ ಬರೆದಿಟ್ಟು ಹೋದ ಉಯಿಲು.

ಉಯಿಲು ಎಂದರೆ, ತಾನು ಸತ್ತ ಮೇಲೆ ಯಾವುದು ಯಾರಿಗೆ ಸೇರಬೇಕೆಂದು ಬರೆದಿಡುವ ಕಾಗದ. ಅಜ್ಜ ಸೈಕಲ್ ರಿಪೇರಿಯವನು. ಮಾತಿನಂತೆ ಬರವಣಿಗೆಯೂ ಮೊಟಕು. ವಕೀಲರ ಗೊಡವೆಯೇ ಬೇಡವೆಂದು ತಾನೇ ಗೀಚಿ ಸಹಿ ಹಾಕಿದ್ದ: 'ಮನೆ ಮಗನಿಗೆ. ಸೈಕಲ್ ಅಂಗಡಿ ಚಿನ್ನಿಗೆ.'

ಅಷ್ಟೇ. ಅಲ್ಲೇ ಬಿತ್ತು ಗಂಟು. ಅತ್ತೆಗೆ ಚಿಕ್ಕಂದಿನಲ್ಲಿ ಚಿನ್ನಿ ಅಂತಲೇ ಹೆಸರು. ಈಗ ಮನೆಮಂದಿಯೆಲ್ಲ ಚಿನ್ನಿ ಎನ್ನುವುದು ಇವಳನ್ನು.

ಅಂಗಡಿ ತನ್ನ ಮಗಳದೇ, ಅವಳು ದೊಡ್ಡವಳಾಗುವ ತನಕ ಬಾಡಿಗೆಗೆ ಕೊಡೋಣ ಎಂದು ಅಪ್ಪನ ಹಟ. ಅತ್ತೆಯೋ ಸ್ಕೂಲು ಬಿಟ್ಟಾಗಿನಿಂದ ಅಜ್ಜನ ಜೊತೆ ಅಲ್ಲೇ ಪಂಕ್ಚರ್ ಹಾಕುತ್ತ ಬಂದವಳು. ಅಂಗಡಿ ಹೋದರೆ ಅವಳ ಕೆಲಸವೂ ಹೋಯಿತು. ಉಯಿಲು ಸಿಕ್ಕಿದಂದಿನಿಂದ ಅಣ್ಣ-ತಂಗಿ ಎಣ್ಣೆ-ಸೀಗೆಕಾಯಿ ಆಗಿಬಿಟ್ಟಿದ್ದರು.

"ಅಜ್ಜ ನಿನ್ನ ಏನಂತ ಕರೀತಿದ್ರು? ಹೇಳಮ್ಮ, ಹೆದರ್ಬೇಡ," ಎಂದ ಅಪ್ಪ.

ಚಿನ್ನಿ ಉಯಿಲಿನತ್ತ ನೋಡಿದಳು. ಅಂಗಡಿ ತನ್ನದೇ ಎಂದು ಕ್ಲಾಸಿನಲ್ಲಿ ಆಗಲೇ ಜಂಬ ಕೊಚ್ಚಿಕೊಂಡಿದ್ದಳು. ಎಲ್ಲರ ಸೈಕಲ್ಲಿಗೂ ಫ್ರೀಯಾಗಿ ಬೆಲ್ ಹಾಕಿಸಿಕೊಡುತ್ತೇನೆ ಎಂದೂ ಹೇಳಿ ಬಂದಿದ್ದಳು. 'ಚಿನ್ನಿ' ಎಂದರೆ ಸಾಕು, ಅಂಗಡಿ ತನ್ನದು, ಅಪ್ಪನಿಗೂ ಖುಷಿ.

ಅತ್ತೆ ಇವಳತ್ತ ನೋಡಲೇ ಇಲ್ಲ. ಉಗುರಿನ ಸಂದಿಯ ಗ್ರೀಸನ್ನು ಸುಮ್ಮನೆ ಕೆರೆಯುತ್ತಿದ್ದಳು.

"ಹಾಫ್ ಟಿಕೆಟ್," ಎಂದಳು ಚಿನ್ನಿ.

"ಏನು?"

"ನನ್ನ ಹಾಫ್ ಟಿಕೆಟ್ ಅಂತಿದ್ದ ಅಜ್ಜ. ಅಂಗಡೀಲಿ 'ಚಿನ್ನೀ, ಪಂಪ್ ತಾ' ಅಂದಾಗ ನಾನು ಓಡಿ ಹೋದ್ರೆ, 'ನೀನಲ್ಲ ಕಣೇ, ನಿಮ್ಮತ್ತೆ' ಅಂತ ನಗ್ತಿದ್ದ."

ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅಪ್ಪ ಉಯಿಲನ್ನು ಮಡಿಸಿ ಅವಳ ಕಡೆ ತಳ್ಳಿದ. "ತಗೋ, ನಿಂದೇ," ಎಂದು ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ.

ಬೈಗುಳ ಗ್ಯಾರಂಟಿ ಎಂದುಕೊಂಡೇ ಚಿನ್ನಿ ಹಿಂದೆ ಹೋದಳು. "ಕೋಪಾನಾ ಅಪ್ಪ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಬೀದಿಯಲ್ಲಿ ಹೋಗಿಬರುವವರನ್ನೇ ನೋಡುತ್ತಿದ್ದವನು ಆಮೇಲೆ ಮೆಲ್ಲಗೆ ಕೇಳಿದ: "ಅವಳು ಚಿನ್ನಿ. ನೀನು ಹಾಫ್ ಟಿಕೆಟ್. ನಾನಿಲ್ಲದಾಗ ನನ್ನ ಏನಂತಿದ್ರೇ?"

ಚಿನ್ನಿ ತಲೆ ಕೆರೆದುಕೊಂಡಳು. ಎಷ್ಟು ಹುಡುಕಿದರೂ ನೆನಪಿಗೆ ಬಂದದ್ದು ಒಂದೇ. ಅಪ್ಪನ ವಿಷಯ ಬಂದಾಗೆಲ್ಲ ಅಜ್ಜ 'ಅವನು' ಎನ್ನುತ್ತಿದ್ದ. ಎದುರಿಗೆ ಸಿಕ್ಕರೆ 'ಏ ಇವನೇ'. ಮುದ್ದಿನ ಹೆಸರು ಒಂದೂ ಇರಲಿಲ್ಲ. ಉಯಿಲಿನಲ್ಲೂ ಅವನು ಬರೀ 'ಮಗ'; ಮುದ್ದಿನ ಹೆಸರಿದ್ದದ್ದು ಅಂಗಡಿಯ ಸಾಲಿನಲ್ಲಿ ಮಾತ್ರ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡಳು.

ಇಡೀ ಮನೆಯೇ ಸಿಕ್ಕಿದ್ದರೂ ಅಪ್ಪ ಆ ಪುಟ್ಟ ಅಂಗಡಿಗೆ ಯಾಕಷ್ಟು ಜಗಳ ಕಾಯ್ದ ಎಂದು ಅವಳಿಗೆ ಆಗ ತಿಳಿಯಿತು. ಅವನಿಗೆ ಒತ್ತಿಕೊಂಡು ಕೂತಳು.