ಮುಚ್ಚಳ ತೆಗೆಯದ ಬಾಟ್ಲಿ

“ಕೂಲಿಂಗ್ ಬೇಕಾ ಮೇಡಂ, ಹಾಗೇ ಕೊಡ್ಲಾ?”

ಕಂಬಿಯ ಆಚೆಯಿಂದ ಬಂದ ಪ್ರಶ್ನೆ ವನಿತಾಳ ಲೆಕ್ಕದಲ್ಲಿರಲಿಲ್ಲ. ‘ಒಂದು ಬಿಯರ್ ಕೊಡಿ’ ಎಂಬ ಮೂರು ಪದಗಳನ್ನು ತನ್ನೂರು ದೇವನೂರಿನಿಂದ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅದರ ಮೇಲೊಂದು ಪ್ರಶ್ನೆ ಕೇಳುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ನಂಜನಗೂಡಿನ ಪೇಟೆ ಬೀದಿಯ ವೈನ್ ಸ್ಟೋರ್ ಅದು. ಬೆಳಗಿನ ಹನ್ನೊಂದು ಗಂಟೆ. ಮುಂದೆ ನಿಂತಿದ್ದ ನಾಲ್ಕೈದು ಗಂಡಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದರು. ಮರ್ಯಾದೆಗಲ್ಲ ಬಿಡಿ, ಇವಳು ಯಾರ ಮನೆಯವಳು ಅಂತ ಸರಿಯಾಗಿ ನೋಡಿಕೊಳ್ಳೋಕೆ. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಈ ಮೆಟ್ಟಿಲು ಹತ್ತಿದರೆ, ಅವಳಿಗಿಂತ ಮೊದಲು ಸುದ್ದಿ ಊರು ಸೇರುತ್ತದೆ.

“ನಂಗೊತ್ತಿಲ್ಲ… ನಮ್ಮಣ್ಣಂಗೆ,” ಎಂದಳು.

ಕಂಬಿಯ ಹಿಂದಿದ್ದವನು ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ಮೂವತ್ತರ ಆಸುಪಾಸಿನವನು, ಹೆಸರು ಕಾಂತರಾಜು. ಅದರಲ್ಲಿ ಅವಳಣ್ಣನದೇ ಹೋಲಿಕೆ ಕಂಡು ಅವನ ಕೈ ಫ್ರಿಜ್ಜಿನ ಬಾಗಿಲ ಮೇಲೆಯೇ ನಿಂತುಬಿಟ್ಟಿತು. ಬಾಗಿಲು ಮುಚ್ಚಿ, ಹಿಂದಿನ ಕ್ರೇಟಿನಿಂದ ಒಂದು ಬಾಟಲಿ ತೆಗೆದು ಪೇಪರಿನಲ್ಲಿ ಸುತ್ತತೊಡಗಿದ.

“ರಾಜೇಂದ್ರ ಕೂಲಿಂಗ್ ಮುಟ್ತಿರ್ಲಿಲ್ಲ. ಗಂಟ್ಲು ಹಿಡೀತದೆ ಅನ್ನೋನು.”

ಅಣ್ಣನ ಹೆಸರು ಕೇಳಿ ವನಿತಾ ಕಂಬಿ ಹಿಡಿದಳು. ಅಣ್ಣ ಸತ್ತು ಎಂಟು ತಿಂಗಳು. ಸಂಕ್ರಾಂತಿಯ ಮಾರನೆಯ ವಾರ, ಸಂಜೆ ಕತ್ತಲಾದ ಮೇಲೆ, ದೇವನೂರಿನ ರಸ್ತೆಯಲ್ಲಿ ನಡೆದು ಬರುತ್ತಿದ್ದವನಿಗೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಗುದ್ದಿತ್ತು. ಕುಡಿದಿದ್ದ. ಬೈಕು ಮಾತ್ರ ಇದೇ ಬೀದಿಯಲ್ಲಿ ಸೈಡ್ ಸ್ಟ್ಯಾಂಡ್ ಹಾಕಿಕೊಂಡು ಭದ್ರವಾಗಿ ನಿಂತಿತ್ತು. ಕೀ ಎಲ್ಲೂ ಸಿಗಲಿಲ್ಲ. ಬೈಕಿದ್ದವನು ಯಾಕೆ ನಡೆದ ಎಂಬುದು ಇವತ್ತಿಗೂ ಆ ಮನೆಗೆ ಗೊತ್ತಾಗಿಲ್ಲ.

ನಾಳೆ ಪಿತೃಪಕ್ಷದ ಅಮಾವಾಸ್ಯೆ. ಸತ್ತವರಿಗೆ ಅವರವರು ಇಷ್ಟಪಟ್ಟಿದ್ದನ್ನು ಎಡೆ ಇಡಬೇಕು. ಕುಡಿದು ಸತ್ತವನಿಗೆ ಕುಡಿಯೋದನ್ನೇ ಇಡ್ತೀರಾ ಅಂತ ಚಿಕ್ಕಪ್ಪ ದೊಡ್ಡಸಿದ್ದಯ್ಯ ತಂದುಕೊಡಲು ಒಪ್ಪಲಿಲ್ಲ. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಆದರೆ ಅವ್ವ ಚಿಕ್ಕಮಾದಮ್ಮ ಹಟ ಬಿಡಲಿಲ್ಲ. ಹೊಸ ಪ್ಯಾಂಟು ಷರ್ಟು, ಕೋಳಿ ಸಾರು, ಒಂದು ಬಿಯರು… ಮಗ ಬಂದು ನೋಡಿ ಬರಿಗೈಲಿ ಹೋಗಬಾರದು ಅನ್ನೋದು ಅವಳ ಆಸೆ. ಹಾಗಾಗಿ ಊರ ಡೈರಿಯಲ್ಲಿ ಹಾಲು ಅಳೆಯುವ ವನಿತಾಳ ಕೈ ಇವತ್ತು ಬಿಯರಿಗೆ ಚಾಚಿತ್ತು.

“ಅವತ್ತು ಕೊಟ್ಟಿದ್ದೂ ನೀವೇನಾ?”

ಕಾಂತರಾಜು ತಲೆ ತಗ್ಗಿಸಿದ. “ಹೂಂ.”

“ಹಾಗಾದ್ರೆ ನಮ್ಮಣ್ಣನ್ನ ಕೊಂದೋರು ನೀವೇ.”

ಮೆಲ್ಲಗೇ ಹೇಳಿದಳು. ಆದರೂ ಹಿಂದಿನ ಗಂಡಸರು ಕಿವಿಗೊಟ್ಟು ಹತ್ತಿರ ಸರಿದರು. ಅವನು ಇಲ್ಲ ಅನ್ನಲಿಲ್ಲ. ದುಡ್ಡು ಬೇಡ ಅಂತ ಕೈ ಆಡಿಸಿದ. ಅವಳು ನೋಟನ್ನು ಕಂಬಿಯೊಳಗೆ ಎಸೆದು ಮೆಟ್ಟಿಲಿಳಿದಳು.

‘ಇಲ್ಲ ಅಂತ ಒಂದು ಮಾತಾದ್ರೂ ಅನ್ನಬಾರದಿತ್ತಾ?’ ಬಸ್ಸಿನಲ್ಲಿ ಬಾಟಲಿಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಳು. ಬೈಯೋಕೆ ಒಬ್ಬ ಸಿಕ್ಕಿದ್ದ, ನಿಜ. ಆದರೆ ಸಂಕಟ ಒಂದು ಚೂರೂ ಇಳಿದಿರಲಿಲ್ಲ. ಯಾಕೆಂದರೆ ಆ ಸಂಜೆ ಅಣ್ಣನಿಗೆ ಫೋನು ಮಾಡಿ ತಾನು ಏನಂದಿದ್ದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ನಡುಮನೆಯಲ್ಲಿ ಎಡೆ ಇಟ್ಟರು. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ತಾಯಿ ಮಗಳು ಜಗಲಿಗೆ ಬಂದರು. ಸ್ವಲ್ಪ ಹೊತ್ತು ಹೀಗೆ ಬಾಗಿಲು ಮುಚ್ಚಿರಬೇಕು. ಸತ್ತವರು ಬಂದು ಉಂಡು ಹೋಗುವ ಹೊತ್ತು ಅದು. ಆಮೇಲೆ ಬಾಗಿಲು ತೆಗೆದರೆ ಮನೆಯವರ ಊಟ.

ಮುಚ್ಚಿದ ಬಾಗಿಲನ್ನು ನೋಡಲಾಗದೆ ವನಿತಾ ಬೀದಿ ಕಡೆ ಮುಖ ತಿರುಗಿಸಿ ಕೂತಳು. ಆಗಲೇ ಕಂಡಿದ್ದು… ಅಂಗಳದಲ್ಲಿ, ಪ್ಲಾಸ್ಟಿಕ್ ಹೊದಿಸಿದ ಅಣ್ಣನ ಬೈಕಿನ ಪಕ್ಕದಲ್ಲಿ ಕಾಂತರಾಜು ನಿಂತಿದ್ದ!

ಅವಳು ದಡಕ್ಕನೆ ಎದ್ದಳು. ಅಷ್ಟರಲ್ಲಿ ಅವನ ಕಣ್ಣು ಮುಚ್ಚಿದ ಬಾಗಿಲಿನ ಮೇಲೆ ಬಿತ್ತು.

“ಎಡೆ ಇಟ್ರಾ? ಬಾಟ್ಲಿ… ಮುಚ್ಚಳ ತೆಗೆದಿದ್ರಾ?”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯೋ! ತಗಡಿನ ಮುಚ್ಚಳ ಹಾಗೇ ಇತ್ತು. ಬಾಟಲಿ ತಂದು ಹೂ ಏರಿಸಿ ಕುಂಕುಮ ಇಟ್ಟಿದ್ದರೇ ಹೊರತು, ಅದನ್ನು ತೆಗೆಯಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ಆ ಮನೆಯಲ್ಲಿ ಬಿಯರ್ ಬಾಟಲಿ ತೆಗೆಯುತ್ತಿದ್ದವನು ಒಬ್ಬನೇ.

“ನನ್ ಮಗ ಬಂದು ಮುಚ್ಚಳ ನೋಡ್ಕೊಂಡು ಕೂತವ್ನಲ್ಲಪ್ಪೋ…” ಅಂತ ಚಿಕ್ಕಮಾದಮ್ಮ ಒಳಗೆ ಓಡಿ ಬಾಟಲಿ ತಂದಳು.

ಕಾಂತರಾಜು ಜೇಬಿನಿಂದ ಒಂದು ಕೀ ತೆಗೆದ. ಅದಕ್ಕೆ ಹಿತ್ತಾಳೆಯ ಮೀನೊಂದು ನೇತಾಡುತ್ತಿತ್ತು. ಮೀನಿನ ಬಾಯನ್ನು ಮುಚ್ಚಳಕ್ಕೆ ಸಿಕ್ಕಿಸಿ ಎತ್ತಿದ. ಟಪ್ಪೆಂದಿತು.

ವನಿತಾ ಆ ಮೀನನ್ನೇ ನೋಡುತ್ತಿದ್ದಳು. ತಿ. ನರಸೀಪುರದಲ್ಲಿ ಓದುವಾಗ ಹೊಳೆದಂಡೆಯ ಅಂಗಡಿಯಲ್ಲಿ ಅಣ್ಣನಿಗೆಂದು ತಾನೇ ಕೊಂಡಿದ್ದು. ಬರೀ ಅಂದದ ಮೀನು ಅಂದುಕೊಂಡಿದ್ದಳು. ಅದರ ಬಾಯಿ ಯಾಕೆ ಹಾಗಿದೆ ಅಂತ ಇವತ್ತು ಗೊತ್ತಾಯಿತು.

“ಈ ಕೀ… ನಿಮ್ಮತ್ರ ಹೆಂಗೆ?”

ಅವನು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಹೇಳಿದ. ಆ ಸಂಜೆ ರಾಜೇಂದ್ರ ಜಾಸ್ತಿ ಕುಡಿದಿದ್ದ. ಬೈಕ್ ಓಡಿಸಿದರೆ ಬಿದ್ದು ಸಾಯುತ್ತಾನೆ ಅಂತ ಇವನೇ ಕೀ ಕಿತ್ತುಕೊಂಡಿದ್ದ. ಕೂತಿರು, ಅಂಗಡಿ ಮುಚ್ಚಿ ನಾನೇ ಬಿಟ್ಟು ಬರ್ತೀನಿ ಅಂದಿದ್ದ. ಗಿರಾಕಿಗಳ ನಡುವೆ ತಿರುಗಿ ನೋಡುವಷ್ಟರಲ್ಲಿ ರಾಜೇಂದ್ರ ಎದ್ದು ಹೋಗಿದ್ದ. ಏಳೂವರೆಯ ಬಸ್ಸೂ ತಪ್ಪಿ, ನಡೆದೇ ಊರಿನ ದಾರಿ ಹಿಡಿದಿದ್ದ.

“ಉಳಿಸೋಕೆ ಅಂತ ಕಿತ್ಕೊಂಡೆ ಅವ್ವ. ಆಮೇಲೆ ತಂದ್ಕೊಡೋಕೆ ಧೈರ್ಯ ಬರ್ಲಿಲ್ಲ. ನಿನ್ನೆ ಇವ್ರು ಅಂದಿದ್ದು ಸರಿಯಾಗೇ ಇದೆ.”

ಚಿಕ್ಕಮಾದಮ್ಮ ಅವನನ್ನು ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅವನು ಬಾಟಲಿಯನ್ನು ಒಳಗಿಡಲೇ ಎಂಬಂತೆ ಹೆಜ್ಜೆ ಎತ್ತಿದಾಗ ಮಾತ್ರ ಕೈ ಅಡ್ಡ ತಂದಳು.

“ಹೊರಗ್ನೋರು ಎಡೆ ಮುಟ್ಟಂಗಿಲ್ಲ ಕಣಪ್ಪ.”

ತಾನೇ ಒಳಗಿಟ್ಟು ಬಂದು ಮತ್ತೆ ಬಾಗಿಲು ಎಳೆದಳು. ಆ ಸದ್ದಿಗೆ ವನಿತಾಳ ದುಃಖದ ಕಟ್ಟೆ ಒಡೆಯಿತು.

“ಅವನು ಎದ್ದು ಹೋಗಿದ್ದು ನನ್ನಿಂದ,” ಎಂದು ಬಿಕ್ಕಿದಳು. “ಫೋನ್ ಮಾಡಿ ಬೈದಿದ್ದೆ. ಕುಡ್ಕೊಂಡು ಬಂದ್ರೆ ಬಾಗ್ಲು ತೆಗಿಯಲ್ಲ ಅಂದಿದ್ದೆ. ಅದೇ ಕೊನೆ ಮಾತು…”

ಎಂಟು ತಿಂಗಳು ಅವ್ವನಿಗೂ ಹೇಳದ ಮಾತು. ಚಿಕ್ಕಮಾದಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡಳು.

“ಆ ಫೋನು ಬಂದಾಗ ನಾನು ಎದುರಿಗೇ ಇದ್ದೆ,” ಎಂದ ಕಾಂತರಾಜು. “ಇಟ್ಟ ಮೇಲೆ ನಕ್ಕ. ‘ನನ್ ತಂಗಿ ಬಾಗ್ಲು ತೆಗಿಯಲ್ಲ ಅಂತಾವ್ಳೆ ಕಣ್ಲಾ. ದಿನಾ ಇದೇ ಅಂತಾಳೆ, ದಿನಾ ಅವ್ಳೇ ತೆಗೀತಾಳೆ’ ಅಂದ. ಖುಷಿಯಾಗೇ ಇದ್ದ ಮೇಡಂ. ನಿಮ್ಮೇಲೆ ಕೋಪ ಇರ್ಲಿಲ್ಲ.”

ಈ ಒಂದು ಮಾತಿಗಾಗಿ ಅವಳು ಎಷ್ಟು ದಿನ ಊಟ ಬಿಟ್ಟಿದ್ದಳೋ!

ಸ್ವಲ್ಪ ಹೊತ್ತಿನ ಮೇಲೆ ಅವ್ವ, ಹೋಗು, ನೀನೇ ತೆಗಿ ಅಂದಳು. ವನಿತಾ ಎರಡೂ ಕೈಯಿಂದ ಬಾಗಿಲು ತಳ್ಳಿದಳು. “ತೆಗೆದೆ ಕಣಣ್ಣ,” ಎಂದಳು. ಒಳಗೆ ಧೂಪದ ಹೊಗೆ, ಹೊಸ ಷರ್ಟು, ತೆರೆದ ಬಾಟಲಿ ಇದ್ದವು. ಅಣ್ಣ ಇರಲಿಲ್ಲ. ಅವತ್ತು ಅವಳು ಹೊಟ್ಟೆ ತುಂಬ ಅತ್ತಳು, ಹೊಟ್ಟೆ ತುಂಬ ಉಂಡಳು.

ಆಮೇಲೆ ಕಾಂತರಾಜು ಆಗಾಗ ಬಂದ. ಬೈಕ್ ರಿಪೇರಿ ಮಾಡಿಸಿದ, ಕೀ ಅವಳ ಕೈಗಿಟ್ಟು ಓಡಿಸೋದು ಕಲಿಸಿದ. ಅವ್ವ ಜಗಲಿಗೇ ಕಾಫಿ ತಂದುಕೊಡುತ್ತಿದ್ದಳು. ಎದುರು ಮನೆಯ ಮಂಚಮ್ಮ ಕಣ್ಣರಳಿಸಿ ನೋಡುತ್ತಿದ್ದಳು. ವನಿತಾ ಅವನ ಬಾಯಿಂದ ಅಣ್ಣನ ಸುದ್ದಿ ಕೇಳುತ್ತ ಕೇಳುತ್ತ, ಯಾವಾಗಲೋ ಅಣ್ಣನ ಸುದ್ದಿಯಿಲ್ಲದಿದ್ದರೂ ಅವನ ದಾರಿ ಕಾಯತೊಡಗಿದ್ದಳು. ಅವನ ಕಣ್ಣಲ್ಲೂ ಅದೇ ಇತ್ತು. ಆದರೆ ಬಾಯಿಬಿಟ್ಟು ಕೇಳಲಿಲ್ಲ. ನಿಮ್ಮನೆ ಹೊಸಿಲು ದಾಟೋ ಯೋಗ್ಯತೆ ನಂಗಿಲ್ಲ ಅಂತ ಒಮ್ಮೆ ಅಂದವನು, ಆಮೇಲೆ ಬರುವುದನ್ನೂ ಕಡಿಮೆ ಮಾಡಿದ. ಎರಡು ತಿಂಗಳಿಂದ ಸುಳಿವೇ ಇರಲಿಲ್ಲ.

ಮತ್ತೆ ಪಿತೃಪಕ್ಷದ ಅಮಾವಾಸ್ಯೆ ಹತ್ತಿರ ಬಂತು.

ಅಣ್ಣನ ಬೈಕನ್ನು ವೈನ್ ಸ್ಟೋರ್ ಮುಂದೆ ನಿಲ್ಲಿಸಿ ವನಿತಾ ಮೆಟ್ಟಿಲು ಹತ್ತಿದಳು. ಗಂಡಸರು ಈ ಸಲವೂ ಸರಿದರು. ಅವಳು ಅವರನ್ನು ಗಮನಿಸಲಿಲ್ಲ.

“ಕೂಲಿಂಗ್ ಬೇಡ ತಾನೇ?” ಕಂಬಿಯ ಆಚೆ ಕಾಂತರಾಜು ಸೊರಗಿಹೋಗಿದ್ದ.

“ಬೇಡ. ಗಂಟ್ಲು ಹಿಡಿಯುತ್ತೆ.”

ಅವನು ಬಾಟಲಿ ಸುತ್ತಿದ. ಮುಚ್ಚಳ ಸಡಿಲ ಮಾಡಿಕೊಡಲೆಂದು ಅವಳ ಕೀಯಲ್ಲಿದ್ದ ಮೀನಿಗಾಗಿ ಕೈ ಚಾಚಿದ. ವನಿತಾ ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಇಲ್ಲಿ ಬೇಡ. ನಾಳೆ ಎಡೆ ಮುಂದೆ ಕೂತು ತೆಗೀರಿ.”

“ಹೊರಗಿನೋರು ಮುಟ್ಟಂಗಿಲ್ಲ ಅಂತ ಅವ್ವನೇ ಹೇಳಿದ್ರಲ್ಲ.”

“ಈ ಮಾತು ಹೇಳಿ ಕಳಿಸಿರೋದೂ ಅವ್ವನೇ.” ಅವಳ ಕಿವಿ ಕೆಂಪಾಯಿತು. “ಹೊರಗಿನೋರಾಗಿ ಯಾಕೆ ಬರ್ತೀರಿ?”

ಅವನು ಸುತ್ತಿದ ಬಾಟಲಿಯನ್ನು ಮೇಜಿನ ಮೇಲಿಟ್ಟ.

“ಕೀ ಕಿತ್ಕೊಂಡೋನು ನಾನು, ವನಿತಾ.”

“ಬಾಗ್ಲು ತೆಗಿಯಲ್ಲ ಅಂದೋಳು ನಾನು. ನಮ್ಮಿಬ್ರನ್ನೂ ಬೇರೆ ಯಾರು ಕಟ್ಕೋತಾರೆ?”

ಅವನು ನಗಲು ಹೋಗಿ ಅತ್ತುಬಿಟ್ಟ. ಕಂಬಿಯ ನಡುವೆ ಕೈ ತೂರಿಸಿ, ಕೀ ಹಿಡಿದ ಅವಳ ಮುಷ್ಟಿಯನ್ನು ಮುಟ್ಟಿದ.

“ಎಷ್ಟೊತ್ತಿಗೆ ಬರ್ಲಿ?”

“ಬೆಳಿಗ್ಗೆನೇ ಬನ್ನಿ. ಬಾಗ್ಲು ನಾನೇ ತೆಗೀತೀನಿ.”