ಅಡುಗೆಮನೆ ಗೋಡೆಯ ಶರತ್ಕಾಲ

ಹರಾಜಿಗೆಂದು ಅಂಗಳದಲ್ಲಿ ನೆರೆದವರೆಲ್ಲರ ಕೈಗಳೂ ಜೇಬಿನೊಳಗಿದ್ದವು. ಒಂದು ಕೈ ಮಾತ್ರ ಮೇಲೆದ್ದಿತು.

ಗೆರಿಟ್ ಟೆನ್ ಐಕ್!

ಹೆಸ್ಟರ್ ಅವನತ್ತ ತಿರುಗಿದಳು. ಮೂರು ವರ್ಷದ ಹಿಂದೆ ಅವನು ಮದುವೆಯ ಮಾತೆತ್ತಿದಾಗ, "ಬೇಡ ಗೆರಿಟ್, ಹಾಸಿಗೆ ಹಿಡಿದ ಅಪ್ಪನ್ನ ಬಿಟ್ಟು ಹೇಗೆ ಬರಲಿ?" ಎಂದಿದ್ದಳು. ಅಂದಿನಿಂದ ಅವನು ಈ ಅಂಗಳ ತುಳಿದವನಲ್ಲ. ಅಪ್ಪ ಮಣ್ಣು ಸೇರಿ, ಅಪ್ಪ ಬಿಟ್ಟುಹೋದ ಸಾಲಕ್ಕೆ ಮನೆಯ ಸಾಮಾನು ಹರಾಜಾಗುವ ದಿನ ಬಂದಿದ್ದಾನೆ... ಹೀಗೆ.

ಕ್ಯಾಟ್‌ಸ್ಕಿಲ್ ಬೆಟ್ಟದ ಬುಡದ ಆ ಊರಿನಲ್ಲಿ ಒಂದು ರೀತಿಯಿತ್ತು. ಮನೆಮಗಳು ತನ್ನ ಮನೆಯ ವಸ್ತುವಿಗೆ ಬೆಲೆ ಕೂಗಿದರೆ ನೆರೆಯವರ ಕೈ ಜೇಬಿಗೆ ಹೋಗಬೇಕು, ಯಾರೂ ಅದರ ಮೇಲೆ ಕೂಗಬಾರದು.

ಅವಳು ಕೂಗಿದ್ದು ಒಂದೇ ಒಂದು ಚಿತ್ರಕ್ಕೆ. ಮುತ್ತಜ್ಜಿಯ ಕಾಲದಲ್ಲಿ ಅಲೆಮಾರಿ ಚಿತ್ರಕಾರನೊಬ್ಬ ಇಲ್ಲಿ ಒಂದು ಶರತ್ಕಾಲ ತಂಗಿ, ಉಂಡ ಋಣಕ್ಕೆ ಬರೆದುಕೊಟ್ಟದ್ದು. ಕೆಂಡದಂತೆ ಉರಿಯುವ ಮೇಪಲ್ ಮರಗಳು, ಕಣಿವೆಯ ಮಂಜು, ಮೂಲೆಯಲ್ಲಿ ಹೆಬ್ಬೆರಳಷ್ಟು ಈ ಮನೆ. ಸಾಮಾನು ಮಾರಿದರೂ ಸಾಲ ತೀರದು, ಮನೆ ಹೇಗೂ ಹೋಗುತ್ತದೆ, ಚಿತ್ರವಾದರೂ ಉಳಿಯಲಿ ಎಂದು ಬೆಳಿಗ್ಗೆ ಮೊಣಕಾಲೂರಿ ದೇವರನ್ನು ಬೇಡಿಕೊಂಡಿದ್ದಳು.

"ಏನೋ ಗೆರಿಟ್, ನಿನ್ನ ಕೋಟಿಗೆ ಜೇಬಿಲ್ವೇನೋ?" ಪಕ್ಕದ ಮನೆಯ ಮುದುಕಿ ವಿಂಕೂಪ್ ಕುಟುಕಿದಳು.

"ತೂತಾಗಿದೆ ಅಜ್ಜಿ."

ಅವನು ಪೇಟೆಯ ವ್ಯಾಪಾರಿಯೂ ಬಾಯಿ ಮುಚ್ಚುವಂಥ ಬೆಲೆ ಕೂಗಿದ. ಹರಾಜುಗಾರನ ಸುತ್ತಿಗೆ ಬಿತ್ತು.

ಜನ ಚದುರಿದರು. ಖಾಲಿ ಅಡುಗೆಮನೆಯಲ್ಲಿ ಹೆಸ್ಟರ್ ಗೋಡೆ ನೋಡುತ್ತ ನಿಂತಳು. ಚಿತ್ರವಿದ್ದ ಜಾಗ ಬೆಳ್ಳಗಿತ್ತು. ಅದರ ಮೇಲೊಂದು ಒಂಟಿ ಮೊಳೆ.

ಬಾಗಿಲಲ್ಲಿ ಗೆರಿಟ್. ತೋಳಿನಲ್ಲಿ ಚಿತ್ರ.

"ಸೇಡು ತೀರ್ತಾ?" ಎಂದಳು, ತಿರುಗದೆ.

"ಸೇಡಲ್ಲ ಹೆಸ್ಟರ್. ಎಲ್ರೂ ಸುಮ್ನಿದ್ದಿದ್ರೆ ಚಿತ್ರ ಪುಕ್ಕಟೆ ನಿನ್ನ ಕೈಸೇರ್ತಿತ್ತು. ಸಾಲ ಹಾಗೇ ಉಳೀತಿತ್ತು, ನಾಳೆ ಮನೇನೇ ಹರಾಜು. ಈಗ ಸಾಲ ತೀರಿತು. ಮನೆ ನಿಂದೇ."

ಅವಳು ತಿರುಗಿದಳು. "ಅಷ್ಟು ದುಡ್ಡು... ಎಲ್ಲಿಂದ?"

ಅವನು ಚಿತ್ರವನ್ನು ಇನ್ನೊಂದು ತೋಳಿಗೆ ಬದಲಿಸಿದ. ಕಿಟಕಿಯಾಚೆ ಬೇಲಿಯ ಬಳಿ ಅವನ ಗಾಡಿಯಿರಲಿಲ್ಲ. ಮಗುವಿನಂತೆ ಸಾಕಿದ ಆ ಜೋಡಿ ಕುದುರೆಗಳೂ ಇರಲಿಲ್ಲ. ಅವನ ಬೂಟಿನ ತುಂಬ ದಾರಿಯ ಕೆಸರು.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ. ಬೇಡ ಅನ್ನೋದು ನಿಂಗೆ ಚೆನ್ನಾಗಿ ಬರುತ್ತೆ."

ಅವಳ ಕಣ್ಣುಗಳು ತುಂಬಿದವು.

"ಚಿತ್ರ ನಂದು, ಗೋಡೆ ನಿಂದು," ಎಂದ ಅವನು ಮೆಲ್ಲಗೆ. "ಏನ್ಮಾಡೋಣ, ಹೇಳು."

ಹೆಸ್ಟರ್ ಹತ್ತಿರ ಬಂದು ಚೌಕಟ್ಟಿನ ಒಂದು ಅಂಚು ಹಿಡಿದಳು.

"ಈ ಸಲ ಬೇಡ ಅನ್ನಲ್ಲ. ಎತ್ತು."

ಇಬ್ಬರೂ ಸೇರಿ ಶರತ್ಕಾಲವನ್ನು ಅದರ ಮೊಳೆಗೆ ತಗುಲಿಸಿದರು.

"ನೆಟ್ಟಗಿದೆಯಾ?" ಹೆಸ್ಟರ್ ಕೇಳಿದಳು.

"ಸ್ವಲ್ಪ ನಿನ್ನ ಕಡೆ ವಾಲಿದೆ."

"ಹಾಗೇ ಇರ್ಲಿ ಬಿಡು."